ಹೊಗೆಗೆ ದಾರಿ ಮಾಡಿಕೊಟ್ಟ ಮುತ್ತವ್ವ

ಮುತ್ತವ್ವನ ತವರು ಮುಧೋಳದ ಕಡೆಯದು. ಮದುವೆಯಾಗಿ ಬೀಳಗಿ ತಾಲೂಕಿಗೆ ಬಂದಾಗ ಗಂಡ ಸೋಮಲಿಂಗನ ಮನೆ ಕೃಷ್ಣೆಯ ದಂಡೆಯ ಮೇಲಿತ್ತು. ಆಮೇಲೆ ಆಲಮಟ್ಟಿಯ ಹಿನ್ನೀರು ಏರುತ್ತ ಬಂತು. ಮೊದಲು ಹೊಲಕ್ಕೆ, ಆಮೇಲೆ ಹಿತ್ತಿಲಿಗೆ. ಊರಿಗೆ ಊರೇ ಬಾಗಿಲು ಚೌಕಟ್ಟು ಕಿತ್ತುಕೊಂಡು, ಟ್ರ್ಯಾಕ್ಟರಿಗೆ ಹೇರಿಕೊಂಡು, ಮೇಲಿನ ಬರಡು ದಿಬ್ಬದ ಮಡ್ಡಿಯಲ್ಲಿ ಸರಕಾರ ಗುರುತು ಹಾಕಿ ಕೊಟ್ಟ ಜಾಗಕ್ಕೆ ಬಂತು. ಕಾಗದದಲ್ಲಿ ಅದು ಪುನರ್ವಸತಿ ಕೇಂದ್ರ. ಜನರ ಬಾಯಲ್ಲಿ ಹೊಸೂರು.

ಹಳೆಯ ಮನೆಯದು ಮಣ್ಣಿನ ಮಾಳಿಗೆ. ಜಂತಿಗಳು ಎತ್ತರದಲ್ಲಿದ್ದವು, ಅಡುಗೆಮನೆಯ ನೆತ್ತಿಯ ಮೇಲೊಂದು ಬೆಳಕಿಂಡಿ ಇತ್ತು. ಒಲೆಯ ಹೊಗೆ ನಿಧಾನಕ್ಕೆ ಮೇಲೇರಿ ಅದರಲ್ಲಿ ಹೊರಬೀಳುತ್ತಿತ್ತು. ಹೊಗೆ ಎಂಬುದೊಂದು ತಾಪತ್ರಯ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಹೊಸ ಮನೆ ಸ್ಲ್ಯಾಬಿನದು. ಆ ಸಾಲಿನ ಮನೆಗಳನ್ನೆಲ್ಲ ಕಟ್ಟಿದವನು ಗೂಳಪ್ಪ ಗೌಂಡಿ. ಹಳೆಯ ಊರಿನಿಂದಲೇ ಬಂದವನು, ಕೈ ಚೊಕ್ಕ, ಮಾತು ಕಡಿಮೆ. ಪ್ರತಿ ಮನೆಗೂ ಅವನು ಗಿಡ್ಡ ಅಡುಗೆಕಟ್ಟೆಯ ಮೇಲೆ ಮುಚ್ಚಿದ ಒಲೆ ಮಾಡಿ, ಅದರ ಹಿಂದಿನಿಂದ ಸಿಮೆಂಟಿನ ಕೊಳವೆ ಎಬ್ಬಿಸಿ, ಸ್ಲ್ಯಾಬಿನಲ್ಲಿ ತೂತು ಹಾಕಿ ಹೊರಗೆ ಬಿಟ್ಟಿದ್ದ. ಸೋಮಲಿಂಗನ ತಾಯಿ ಇಂದ್ರವ್ವ ಗೃಹಪ್ರವೇಶದ ದಿನ ಆ ಒಲೆಯನ್ನು ಸವರಿ, "ಛಲೋ ಮಾಡೀಯೋ ಗೂಳಪ್ಪಾ, ಕುಂತಲ್ಲೇ ರೊಟ್ಟಿ ಬೇಯಿಸಬಹುದು," ಅಂದಿದ್ದಳು. ಅವನು ತಲೆ ತಗ್ಗಿಸಿ ನಕ್ಕಿದ್ದ.

ಆ ಸಂತೋಷ ಆಷಾಢದ ಗಾಳಿ ಬೀಸುವವರೆಗೆ ಮಾತ್ರ.

ಮಡ್ಡಿಯ ಮೇಲೆ ಮರವಿಲ್ಲ, ಮರೆಯಿಲ್ಲ. ಪಡುವಲ ಗಾಳಿ ಎದ್ದರೆ ಮನೆಗಳ ಮೇಲೆಯೇ ಹಾದುಹೋಗುತ್ತದೆ. ಒಂದು ಮುಂಜಾನೆ ಮುತ್ತವ್ವ ಒಲೆ ಹೊತ್ತಿಸಿದಾಗ ಹೊಗೆ ಕೊಳವೆಯೊಳಗೆ ಹೋಗುವ ಬದಲು ಒಲೆಯ ಬಾಯಿಂದ ಅವಳ ಮುಖಕ್ಕೇ ನುಗ್ಗಿತು. ಊದುಗೊಳವೆಯಿಂದ ಊದಿದಳು, ಇನ್ನೂ ಹೆಚ್ಚಾಯಿತು. ಸ್ವಲ್ಪ ಹೊತ್ತಿಗೆ ಒಲೆಯ ಮೇಲಿನ ರೊಟ್ಟಿ ಹಂಚೂ ಕಾಣದಾಯಿತು. ಪಕ್ಕದ ಮನೆಗಳಿಂದಲೂ ಹೆಂಗಸರು ಕಣ್ಣೊರೆಸಿಕೊಳ್ಳುತ್ತ ಅಂಗಳಕ್ಕೆ ಬಂದರು. ಇಡೀ ಸಾಲಿನದು ಅದೇ ಹಾಡು.

ಕೆಲವರು ಅಂಗಳದಲ್ಲಿ ಮೂರು ಕಲ್ಲಿಟ್ಟುಕೊಂಡರು. ಅಲ್ಲಿ ಗಾಳಿ ಬೆಂಕಿಯನ್ನೇ ಎತ್ತಿಕೊಂಡು ಹೋಗುತ್ತಿತ್ತು. ಊರಿನ ಹಿರಿಯ ಯಮನಪ್ಪ ಕಟ್ಟೆಯ ಮೇಲೆ ಕೂತು ಬೇರೆಯೇ ಕಾರಣ ಹೇಳಿದ.

"ಊರ ದೇವಿನ ಸರಿಯಾಗಿ ಕರಕೊಂಡ ಬರಲಿಲ್ಲ ನಾವು. ಅಕಿ ಸಿಟ್ಟಾಗ್ಯಾಳ. ಅದಕ್ಕ ಹೊಗಿ ಹೊಳ್ಳಿ ಮನಿಯೊಳಗ ಬರಾಕತ್ತೈತಿ."

ನೀರಿನ ಕೊಡ ಹೊತ್ತು ಹೋಗುತ್ತಿದ್ದ ಮುತ್ತವ್ವ ನಿಂತಳು. "ದೇವಿಗಿ ನಮ್ಮ ಒಲಿ ಕಾಯೂದ ಕೆಲಸೇನ್ರಿ ಕಾಕಾ? ಅಕಿ ಸಿಟ್ಟಾದ್ರ ಬ್ಯಾರೆ ಏನಾರ ಮಾಡ್ತಾಳ."

ಕಟ್ಟೆಯ ಮೇಲಿನವರು ನಕ್ಕರು. ಆದರೆ ಮನೆಯಲ್ಲಿ ನಗುವ ಹಾಗಿರಲಿಲ್ಲ. ಇಂದ್ರವ್ವನಿಗೆ ಮೊದಲೇ ದಮ್ಮು. ಹೊಗೆ ತುಂಬಿದ ಮೇಲೆ ಅವಳ ಎದೆ ಸಿಳ್ಳು ಹೊಡೆಯತೊಡಗಿತು. ಬಾಗಲಕೋಟೆಯ ಡಾಕ್ಟರು ಔಷಧಿ ಬರೆದುಕೊಟ್ಟು, ಹೊಗೆಯ ಹತ್ತಿರ ಇವರನ್ನು ಬಿಡಲೇಬೇಡಿ ಎಂದರು. ಲೋಕಾಪುರದಲ್ಲಿದ್ದ ಇಂದ್ರವ್ವನ ಮಗಳು ಗಂಗಾಂಬಿಕಾ ಸುದ್ದಿ ಕೇಳಿ ಬಂದಳು. ಅವಳ ಮನೆಯಲ್ಲಿ ಗ್ಯಾಸಿತ್ತು.

"ಅವ್ವನ್ನ ನಾ ಕರಕೊಂಡ ಹೋಗ್ತೀನಿ ವೈನಿ," ಅಂದಳು. "ಇಲ್ಲಿದ್ರ ಉಳಿಯಾಂಗಿಲ್ಲ ಇಕಿ."

ಇಂದ್ರವ್ವ ಸೊಸೆಯ ಕಡೆ ನೋಡಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ಎದುರುಬದುರು ಕೂತವರು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸಬೇಕು, ಮಾತೆಲ್ಲ ಆಗಲೇ ಆಗಬೇಕು. ತಾಯಿಯಿಲ್ಲದೆ ಬೆಳೆದ ಮುತ್ತವ್ವನಿಗೆ ಆ ಒಲೆಯ ಮುಂದಿನ ಹೊತ್ತೇ ತಾಯಿಮನೆಯಾಗಿತ್ತು.

"ಹೋಗಿ ಬರ್ರಿ ಅತ್ತಿ," ಅಂದಳು ಮುತ್ತವ್ವ. ಅತ್ತೆಯ ಚೀಲ ಎತ್ತಿಕೊಂಡಳು. "ಈ ಹೊಗಿ ಹೊರಗ ಹಾಕಿ ನಾನಾ ಬಂದು ನಿಮ್ಮನ್ನ ಕರಕೊಂಡ ಬರ್ತೀನಿ."

"ಹೊಗಿ ಯಾರರೆ ಹೇಳಿದ್ದು ಕೇಳತೈತೇನ ಬೇ?" ಅನ್ನುತ್ತಲೇ ಇಂದ್ರವ್ವ ಬಸ್ ಹತ್ತಿದಳು.

ಮರುದಿನದಿಂದಲೇ ಮುತ್ತವ್ವ ಹೊಗೆಯ ಬೆನ್ನು ಹತ್ತಿದಳು.

ಮೊದಲು ಅನುಮಾನ ಬಂದದ್ದು ಕಟ್ಟಿಗೆಯ ಮೇಲೆ. ಮಡ್ಡಿಯಲ್ಲಿ ಸಿಗುತ್ತಿದ್ದುದು ಹಸಿ ಜಾಲಿ. ಕಡಿದ ವಾರಕ್ಕೇ ಒಲೆಗೆ ಹಾಕುತ್ತಿದ್ದರು, ತುದಿಯಲ್ಲಿ ನೊರೆ ಬರುತ್ತಿತ್ತು. ಅದನ್ನು ಬಿಟ್ಟು ಸ್ಲ್ಯಾಬಿನ ಮಾಳಿಗೆಯ ಮೇಲೆ ಒಣಗಿದ್ದ ತೊಗರಿ ಕಟ್ಟಿಗೆ ತಂದು ಹೊತ್ತಿಸಿದಳು. ಹೊಗೆ ಕಡಿಮೆಯಾಯಿತು, ಆದರೆ ಇದ್ದಷ್ಟೂ ಹೊಗೆ ಒಳಗೇ ಬಂತು. ಹಾಗಾದರೆ ಕಟ್ಟಿಗೆಯದು ಅರ್ಧ ತಪ್ಪು ಮಾತ್ರ.

ಆಮೇಲೆ ಕೊಳವೆ ಕಟ್ಟಿರಬಹುದು ಅನ್ನಿಸಿತು. ಸೋಮಲಿಂಗನಿಗೆ ಹೇಳಿ, ಹಗ್ಗದ ತುದಿಗೆ ಕಲ್ಲು ಕಟ್ಟಿ, ಅದಕ್ಕೆ ಗೋಣಿತಟ್ಟು ಸುತ್ತಿ ಮೇಲಿನಿಂದ ಇಳಿಸಿದರು. ಒಂದು ಬುಟ್ಟಿ ಮಸಿ ಕೆಳಗೆ ಸುರಿಯಿತು. ಅವತ್ತು ಗಾಳಿಯೂ ಕಡಿಮೆಯಿತ್ತು. ಒಲೆ ಚೆನ್ನಾಗಿ ಎಳೆಯಿತು. ಗಂಡಹೆಂಡತಿ ಇಬ್ಬರೂ ಗೆದ್ದೆವೆಂದುಕೊಂಡು ಜುಣಕಾ ರೊಟ್ಟಿ ತಿಂದರು. ಮರುದಿನ ಗಾಳಿ ಎದ್ದಿತು, ಹೊಗೆ ಮತ್ತೆ ಒಳಗೆ ಬಂತು.

"ಬಿಡು ಇನ್ನ," ಅಂದ ಸೋಮಲಿಂಗ. "ಹೊರಗೊಂದು ಪತ್ರಾಸ ತಗಡಿನ ಛಪ್ಪರ ಕಟ್ಟಿ ಕೊಡ್ತೀನಿ. ಅಲ್ಲೇ ಅಡಗಿ ಮಾಡು."

"ಅತ್ತಿ ಅಲ್ಲೇ ಗಾಳ್ಯಾಗ ಕುಂಡ್ರಬೇಕೇನ್ರಿ? ನಿನ್ನೆ ಎಳದದ್ದು ಇವತ್ತ್ಯಾಕ ಎಳೀವಲ್ತು? ಅದು ತಿಳೀಬೇಕು ನನಗ."

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಒಂದು ಸಂಜೆ ದೇವರಿಗೆ ಹಚ್ಚಿದ ಊದುಬತ್ತಿಯನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಊದುಬತ್ತಿಯ ಹೊಗೆಯ ಎಳೆ ಒಲೆಯ ಬಾಯಿಯ ಹತ್ತಿರ ಬಂದೊಡನೆ ಅವಳ ಕಡೆಗೇ ಬಾಗಿತು. ಮುತ್ತವ್ವ ಅಲ್ಲೇ ಕೂತುಬಿಟ್ಟಳು. ಬೆಂಕಿಯೇ ಇಲ್ಲದಾಗಲೂ ಗಾಳಿ ಕೊಳವೆಯಿಂದ ಕೆಳಗಿಳಿಯುತ್ತಿದೆ! ಎದ್ದು ಹಿಂಬಾಗಿಲು ತೆರೆದಳು. ಎಳೆ ನೆಟ್ಟಗಾಯಿತು. ಬಾಗಿಲು ಹಾಕಿದಳು, ಮತ್ತೆ ಬಾಗಿತು.

ದೂಳು ಬರುತ್ತದೆಂದು ಗಾಳಿಯ ದಿನಗಳಲ್ಲಿ ಅವರು ಬಾಗಿಲು ಕಿಟಕಿ ಎಲ್ಲ ಬಿಗಿದು ಕೂರುತ್ತಿದ್ದರು. ಹಳೆಯ ಮನೆಗೆ ಎಷ್ಟು ಮುಚ್ಚಿದರೂ ಸಂದುಗಳಿದ್ದವು. ಈ ಮನೆ ಡಬ್ಬಿಯಂತೆ ಭದ್ರ. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಹೊಗೆ ಹೊರಗೆ ಹೋಗುವುದಾದರೂ ಹೇಗೆ? ಮುತ್ತವ್ವ ಒಲೆಯ ಕಟ್ಟೆಯ ಕೆಳಗೆ, ಗಾಳಿಗೆ ಬೆನ್ನಾದ ಮೂಡಣ ಗೋಡೆಯಲ್ಲಿ, ಒಂದು ಇಟ್ಟಿಗೆ ಕಿತ್ತಳು. ಅಲ್ಲಿಗೆ ತಂತಿಯ ಜಾಳಿಗೆ ಹಾಕಿದಳು. ಒಲೆ ಹೊತ್ತಿಸುವ ಮೊದಲು ಒಂದು ಹಿಡಿ ಕಬ್ಬಿನ ಒಣ ಎಲೆಯ ರವದಿಯನ್ನು ಕೊಳವೆಯ ಬುಡದಲ್ಲಿ ಉರಿಸಿ, ತಣ್ಣಗಿದ್ದ ಕೊಳವೆಯನ್ನು ಬೆಚ್ಚಗೆ ಮಾಡುವುದನ್ನೂ ಕಲಿತಳು. ಸಾಧಾರಣ ದಿನಗಳಲ್ಲಿ ಹೊಗೆ ಮಾತು ಕೇಳತೊಡಗಿತು. ಜೋರು ಗಾಳಿಯ ದಿನ ಮಾತ್ರ ಈಗಲೂ ದಬ್ಬೆಂದು ಕೆಳಗೆ ಬರುತ್ತಿತ್ತು.

ಉಳಿದದ್ದು ಮಾಳಿಗೆಯ ಮೇಲಿನ ಕತೆ. ಗಾಳಿ ಹುಚ್ಚೆದ್ದು ಬೀಸುತ್ತಿದ್ದ ಒಂದು ಮಧ್ಯಾಹ್ನ ಮುತ್ತವ್ವ ಸೆರಗು ಸೊಂಟಕ್ಕೆ ಬಿಗಿದು, ಮೊರದಲ್ಲಿ ಜೋಳದ ಹೊಟ್ಟು ತುಂಬಿಕೊಂಡು ಮೇಲೇರಿದಳು. ಕೊಳವೆ ಸ್ಲ್ಯಾಬಿನಿಂದ ಒಂದು ಮೊಳವಷ್ಟೇ ಮೇಲೆ ಬಂದಿತ್ತು. ಅದರ ಮೂಡಣಕ್ಕೆ ತಾಗಿದಂತೆ ಮೆಟ್ಟಿಲ ಕೋಣೆಯ ಎತ್ತರದ ಗೋಡೆ. ಕಣದಲ್ಲಿ ರಾಶಿ ತೂರಿದ ಕೈ ಅವಳದು. ಗಾಳಿ ಎತ್ತ ಹೋಗುತ್ತದೆಂದು ಹೊಟ್ಟನ್ನು ಕೇಳಿದರೆ ಸಾಕೆಂದು ಗೊತ್ತಿತ್ತು. ಕೊಳವೆಯ ಹತ್ತಿರ ಒಂದು ಹಿಡಿ ತೂರಿದಳು. ಹೊಟ್ಟು ಹೋಗಿ ಗೋಡೆಗೆ ಬಡಿದು, ಸುಳಿಯಾಗಿ ತಿರುಗಿ, ನೇರ ಕೊಳವೆಯ ಬಾಯೊಳಗೆ ಇಳಿಯಿತು. ಮೆಟ್ಟಿಲ ಕೋಣೆಯ ನೆತ್ತಿಗೆ ಹತ್ತಿ ಇನ್ನೊಂದು ಹಿಡಿ ತೂರಿದಳು. ಅದು ಎಲ್ಲೂ ನಿಲ್ಲದೆ, ಹೊಲ ದಾಟಿ, ಮೂಡಣಕ್ಕೆ ಹಾರಿಹೋಯಿತು.

"ಸಿಕ್ಕಿತು!" ಎಂದು ಅವಳು ಮೇಲಿನಿಂದಲೇ ಕೂಗಿದಳು. ಕೆಳಗೆ ದನಕ್ಕೆ ಮೇವು ಹಾಕುತ್ತಿದ್ದ ಸೋಮಲಿಂಗ, ಹೆಂಡತಿಗೆ ಏನಾಯಿತೋ ಎಂದು ಓಡಿ ಬಂದ.

ಅಂದೇ ಅವಳು ಗೂಳಪ್ಪನ ಮನೆಗೆ ಹೋದಳು. ಗೌಂಡಿ ಕರಣಿ ತೊಳೆಯುತ್ತ ಕೂತಿದ್ದ.

"ಅಣ್ಣಾರ, ಕೊಳವಿ ಇನ್ನೂ ಎತ್ತರ ಆಗಬೇಕು. ಆ ಮೆಟ್ಟಿಲ ಖೋಲಿ ಗ್ವಾಡಿಗಿಂತ ಮ್ಯಾಲ ಹೋಗಬೇಕು."

ಗೂಳಪ್ಪನ ಮುಖ ಬಿಗಿಯಿತು. "ಯಾರು ಹೇಳಿದ್ರು?"

"ಹೊಟ್ಟು ತೂರಿ ನೋಡೀನ್ರಿ. ಗಾಳಿ ಹೊಳ್ಳಿ ಒಳಗ ಬೀಳಾಕತ್ತೈತಿ."

"ಈ ಸಾಲಿನಾಗ ಅಷ್ಟೂ ಮನಿ ನಾನಾ ಕಟ್ಟೀನಿ. ಒಂದು ಗ್ವಾಡಿ ಬಿರಕ ಬಿಟ್ಟಿಲ್ಲ. ಈಗ ನೀ ಬಂದು ನನ್ನ ಕೆಲಸ ತಪ್ಪು ಅಂತಿ." ಅವನು ಎದ್ದು ನಿಂತ. "ನಾ ಕಟ್ಟಿದ್ದಕ್ಕ ಕೈ ಹಚ್ಚಿದ್ರ ಮತ್ತ ಆ ಮನಿಗಿ ನಾ ಬರಾಂಗಿಲ್ಲ. ಖರೇನ ಹೇಳ್ತೀನಿ."

ಮುತ್ತವ್ವ ಹೊರಬಂದಳು. ಗೂಳಪ್ಪನನ್ನು ನೋಯಿಸಿದೆನಲ್ಲ ಎಂಬ ಕಸಿವಿಸಿ ದಾರಿಯುದ್ದಕ್ಕೂ ಇತ್ತು. ಆದರೂ ನಿಲ್ಲಲಿಲ್ಲ. ಬೀಳಗಿಯ ಪೇಟೆಯಲ್ಲಿ ಡಬ್ಬಿ ಬುಟ್ಟಿ ಬೆಸುಗೆ ಹಾಕುವ ನಿಂಗಣ್ಣನ ಅಂಗಡಿಗೆ ಹೋಗಿ, ಕೊಳವೆಯ ಅಳತೆಯ ದಾರ ಕೊಟ್ಟು, ಪತ್ರಾಸನ್ನು ಸುತ್ತಿ ಉದ್ದನೆಯ ಕೊಳವೆ ಮಾಡಿಸಿದಳು. ಮೇಲೆ ಮಳೆ ಬೀಳದಂತೆ ಒಂದು ಟೊಪ್ಪಿಗೆ. ಸೋಮಲಿಂಗ ಅದನ್ನು ಹೆಗಲ ಮೇಲೆ ಹೊತ್ತು ಬಸ್ಸಿನಿಂದಿಳಿದಾಗ ಕಟ್ಟೆಯ ಮೇಲೆ ನಗೆಯೆದ್ದಿತು. "ಏನೋ ಸೋಮ್ಯಾ, ತೋಫು ತಂದೀಯೇನ, ಯಾರ ಮ್ಯಾಲ ಹಾರಸ್ತಿ?" ಎಂದು ಯಮನಪ್ಪ ಕೇಳಿದ.

ಮೊದಲ ದಿನ ಹಾಗೆಯೇ ಸಿಕ್ಕಿಸಿ ಇಳಿದರು. ಸಂಜೆಯ ಗಾಳಿಗೆ ಕೊಳವೆ ಕಿತ್ತು ಅಂಗಳಕ್ಕೆ ಬಿತ್ತು; ಎಮ್ಮೆ ಬೆದರಿ ಗೂಟ ಕಿತ್ತುಕೊಂಡು ಓಡಿತು. ಊರಿಗೆಲ್ಲ ಅದೇ ಮಾತಾಯಿತು. ಮುತ್ತವ್ವ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು ಸೋಮಲಿಂಗನ ಮುಂದೆ ನಿಂತಳು.

"ತಂತಿ ಬೇಕ್ರಿ. ಮೂರೂ ಕಡೆ ಎಳದು ಕಟ್ಟೂಣು."

ಸೋಮಲಿಂಗ ಹೆಂಡತಿಯ ಕೆಂಪಾದ ಕಣ್ಣು ನೋಡಿದ. "ತಂತಿ ಅಷ್ಟ ಅಲ್ಲ, ಗ್ವಾಡಿಗೆ ಕಬ್ಬಿಣದ ಪಟ್ಟಿನೂ ಹೊಡೀತೀನಿ," ಅಂದ. "ನಗವರು ನಗಲಿ."

ಈ ಸಲ ಕೊಳವೆ ಅಲುಗಲಿಲ್ಲ. ಹಳೆಯ ಕೊಳವೆಯೂ ಹೊಸದೂ ಸೇರುವಲ್ಲಿ ಸಂದಿತ್ತು. ಊದುಬತ್ತಿ ಹಿಡಿದು ನೋಡಿದಾಗ ಎಳೆ ಅಲ್ಲಿಗೇ ಎಳೆದುಕೊಳ್ಳುತ್ತಿತ್ತು. ಮುತ್ತವ್ವ ಜಿಗಟು ಮಣ್ಣಿಗೆ ಬೂದಿ, ಸಗಣಿ ಕಲಸಿ ಮೆತ್ತಿದಳು. ಅದು ಒಣಗಿದ ಮೇಲೆ ಒಂದು ಹಿಡಿ ರವದಿ ಉರಿಸಿ, ತೊಗರಿ ಕಟ್ಟಿಗೆಗೆ ಬೆಂಕಿ ಕೊಟ್ಟಳು. ಹೊರಗೆ ಗಾಳಿ ಮನೆಯ ಮೂಲೆಗಳಲ್ಲಿ ಊಳಿಡುತ್ತಿತ್ತು. ಒಲೆಯ ಬಾಯಲ್ಲಿ ಉರಿ ಒಂದು ಕ್ಷಣ ಅನುಮಾನಿಸಿದಂತೆ ಆಡಿತು. ಆಮೇಲೆ ಭರ್ರೆಂದು ಸದ್ದು ಮಾಡುತ್ತ ಹಿಂದಕ್ಕೆ ಬಾಗಿ ಕೊಳವೆಯೊಳಗೆ ನುಗ್ಗಿತು. ಅಡುಗೆಮನೆಯಲ್ಲಿ ಒಂದೆಳೆ ಹೊಗೆಯಿಲ್ಲ. ಮುತ್ತವ್ವ ಗೋಡೆಗೆ ಒರಗಿ ಗಟ್ಟಿಯಾಗಿ ನಕ್ಕಳು. ಸೋಮಲಿಂಗ ಅಂಗಳಕ್ಕೆ ಓಡಿ ಮೇಲೆ ನೋಡಿ, "ಹೊಂಟೈತಿ! ಹೊಂಟೈತಿ ನೋಡು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಒಳಗೆ ಇಣುಕಿದರು. ಅವರ ಕಣ್ಣುಗಳೆಲ್ಲ ಕೆಂಪು. ಮುತ್ತವ್ವನ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿತ್ತು. ಕೊನೆಗೆ ಬಂದವನು ಗೂಳಪ್ಪ. ಹೊರಗೇ ನಿಂತು ಬಹಳ ಹೊತ್ತು ಮೇಲೆ ನೋಡಿದ. ಸಾಲಿನ ಬೇರೆ ಕೊಳವೆಗಳ ಬಾಯಲ್ಲಿ ಹೊಗೆಯೇ ಇರಲಿಲ್ಲ, ಎಲ್ಲ ಮನೆಯೊಳಗೆ ಸೇರಿತ್ತು. ಇದೊಂದರಿಂದ ಮಾತ್ರ ಬಿಳಿ ಎಳೆಯೊಂದು ಮೂಡಣಕ್ಕೆ ಹರಿದುಹೋಗುತ್ತಿತ್ತು.

"ಒಳಗ ಬರ್ರಿ ಅಣ್ಣಾರ, ಚಾ ಕುಡೀರಿ," ಅಂದಳು ಮುತ್ತವ್ವ. "ನಿಮ್ಮ ಒಲಿ ಭಾಳ ಛಲೋ ಐತ್ರಿ. ಉರಿ ನೋಡ್ರಿ ಹ್ಯಾಂಗ ಎಳೀತೈತಿ. ಕೆಳಗ ಗಾಳಿ ಬೇಕಿತ್ತು, ಮ್ಯಾಲ ಎತ್ತರ ಬೇಕಿತ್ತು, ಅಷ್ಟ."

ಗೂಳಪ್ಪ ಒಳಗೆ ಬಂದ. ಜಾಳಿಗೆಯ ಹತ್ತಿರ ಕೈ ಒಡ್ಡಿ ಗಾಳಿ ನೋಡಿದ. ಕೊಳವೆಯ ಮೇಲೆ ಬೆರಳು ಬಡಿದು ಕೇಳಿದ. ಚಹಾ ಕುಡಿದು ಮುಗಿಸಿದ. ಎದ್ದಾಗ ಅಂದ:

"ಪತ್ರಾಸ ಎರಡ ಮಳಿಗಾಲಕ್ಕ ತುಕ್ಕ ಹಿಡೀತೈತಿ ತಂಗಿ. ಇಟ್ಟಂಗಿಲೆ ಎಬ್ಬಿಸಿ ಸಿಮೆಂಟ ಗಿಲಾಯ್ ಮಾಡಿದ್ರ ಕಾಯಂ ಆಗತೈತಿ. ನಾಳೆ ನಮ್ಮ ಮನಿದು ಮೊದಲ ಮಾಡ್ತೀನಿ. ಎಷ್ಟ ಎತ್ತರ ಅಂತ ನೀ ಬಂದು ಹೊಟ್ಟ ತೂರು."

ಅವತ್ತಿನಿಂದ ಇಬ್ಬರೂ ಸೇರಿ ಸಾಲಿನ ಮನೆಗಳನ್ನೆಲ್ಲ ಹಿಡಿದರು. ಮುತ್ತವ್ವ ಮೊರ ಹಿಡಿದು ಮಾಳಿಗೆ ಏರುವುದು, ಗೂಳಪ್ಪ ಇಟ್ಟಿಗೆ ಹಿಡಿದು ಹಿಂದೆ ಬರುವುದು. ಒಂದೊಂದು ಮನೆಯದು ಒಂದೊಂದು ರೋಗ. ಒಬ್ಬರಲ್ಲಿ ಕೊಳವೆ ಮೊಣಕೈಯಂತೆ ಎರಡು ಕಡೆ ಮಡಚಿ ಮಸಿ ಕಟ್ಟಿತ್ತು. ಇನ್ನೊಬ್ಬರಲ್ಲಿ ಗುಬ್ಬಿ ಗೂಡು. ಮರಿ ಹಾರುವವರೆಗೆ ಕಾಯಬೇಕಾಯಿತು. ಯಮನಪ್ಪನ ಮನೆಯಲ್ಲಿ ಟೊಪ್ಪಿಗೆಯನ್ನು ಎಷ್ಟು ಕೆಳಗೆ ಕೂರಿಸಿದ್ದರೆಂದರೆ ಹೊಗೆಗೆ ಬಾಯಿ ಮುಚ್ಚಿದಂತಾಗಿತ್ತು. ಅದನ್ನು ಎತ್ತಿ ಕಟ್ಟಿದ ದಿನ ಯಮನಪ್ಪ ಎಲೆ ಅಡಿಕೆ ಕೊಟ್ಟು, "ದೇವಿ ಸಿಟ್ಟು ಇಳೀತು ನೋಡವಾ," ಅಂದ. ಮುತ್ತವ್ವ ನಕ್ಕು ಎಲೆ ಅಡಿಕೆ ಬಾಯಿಗಿಟ್ಟಳು.

ಸಾಲಿನ ಕೆಲಸ ಇನ್ನೂ ನಡೆದಿತ್ತು, ಆಷಾಢವೂ ಮುಗಿದಿರಲಿಲ್ಲ. ಮುತ್ತವ್ವ ಲೋಕಾಪುರಕ್ಕೆ ಹೋದಳು. ಇಂದ್ರವ್ವ ಮಗಳ ಮನೆಯ ಪಡಸಾಲೆಯಲ್ಲಿ ಕೂತಿದ್ದಳು. ಮೈ ಸ್ವಲ್ಪ ಸುಧಾರಿಸಿತ್ತು, ಮುಖ ಮಾತ್ರ ಬಾಡಿತ್ತು.

"ಏಳ್ರಿ ಅತ್ತಿ. ಹೊಗಿ ಹೊರಗ ಹಾಕೀನಿ."

ಗಂಗಾಂಬಿಕಾ ನಂಬಲಿಲ್ಲ. "ಗಾಳಿ ದಿನದಾಗ ಕರಕೊಂಡ ಹೊಂಟೀರಲ್ಲ ವೈನಿ?"

"ಗಾಳಿ ದಿನ ನೋಡೇ ಬಂದೀನಿ. ನೀವೂ ಬಂದು ನೋಡ್ರಿ."

ಮೂವರೂ ಬಸ್ಸಿನಲ್ಲಿ ಬಂದರು. ಹೊಸೂರಿನ ತಿರುವಿನಲ್ಲಿ ಇಳಿಯುವಾಗ ಗಾಳಿ ಸೀರೆಯನ್ನೇ ಎಳೆಯುತ್ತಿತ್ತು. ಇಂದ್ರವ್ವ ಅಡುಗೆಮನೆಯ ಹೊಸ್ತಿಲಲ್ಲಿ ಸೆರಗನ್ನು ಮೂಗಿಗೆ ಹಿಡಿದೇ ನಿಂತಳು. ಮುತ್ತವ್ವ ಒಲೆ ಹೊತ್ತಿಸಿ, ಹಂಚಿಟ್ಟು, ಹಿಟ್ಟು ನಾದತೊಡಗಿದಳು. ಮುದುಕಿ ಸೆರಗನ್ನು ಸ್ವಲ್ಪ ಸರಿಸಿದಳು. ಒಮ್ಮೆ ಉಸಿರೆಳೆದಳು. ಇನ್ನೊಮ್ಮೆ ದೀರ್ಘವಾಗಿ ಎಳೆದಳು. ಕೆಮ್ಮು ಬರಲಿಲ್ಲ.

"ಸರಿ ಬೇ ಆ ಕಡೆ," ಎಂದು ಸೊಸೆಯನ್ನು ತಳ್ಳಿ ಹಲಗೆಯ ಮುಂದೆ ಕೂತಳು. ಓಣಿಗೆಲ್ಲ ರೊಟ್ಟಿ ಬಡಿಯುವ ಸದ್ದು ಕೇಳಿತು. ಮಗಳು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು, ಅದು ಹೊಗೆಯಿಂದಲ್ಲ.

ಸುದ್ದಿ ಹೆಂಗಸರ ಬಾಯಿಂದ ದೂರ ಹೋಯಿತು. ರಬಕವಿಯಿಂದ ನೂಲಿಗೆ ಬಣ್ಣ ಹಾಕುವ ಹೊಳಬಸಪ್ಪ ಹುಡುಕಿಕೊಂಡು ಬಂದ. ಅವನ ಬಣ್ಣದ ಮನೆಯಲ್ಲಿ ಎರಡು ದೊಡ್ಡ ಒಲೆ; ಒಂದನ್ನು ಉರಿಸಿದರೆ ಇನ್ನೊಂದರಲ್ಲಿ ಹೊಗೆ. ಆಳುಗಳು ನಿಲ್ಲುತ್ತಿರಲಿಲ್ಲ, ಮಸಿ ಬಿದ್ದು ನೂಲು ಹಾಳಾಗುತ್ತಿತ್ತು. ಮುತ್ತವ್ವ ಒಲೆಗಳನ್ನು ಆರಿಸಿಡಲು ಹೇಳಿ, ಅತ್ತೆಯನ್ನೂ ಗೂಳಪ್ಪನನ್ನೂ ಕರೆದುಕೊಂಡು ಹೋದಳು. ಎರಡೂ ಒಲೆಗಳ ಹೊಗೆ ಒಂದೇ ಕೊಳವೆಗೆ ಎದುರುಬದುರಾಗಿ ಸೇರುತ್ತಿತ್ತು.

"ಒಂದ ಬಾಗಲದಾಗ ಇಬ್ಬರು ಎದುರಾದ್ರ ಯಾರ ಮೊದಲ ಹೋಗಬೇಕು?" ಅಂದಳು ಇಂದ್ರವ್ವ. ಗೂಳಪ್ಪ ನಕ್ಕು ಕೊಳವೆಯ ಮಧ್ಯೆ ಇಟ್ಟಿಗೆಯ ಗೋಡೆ ಎಬ್ಬಿಸಿ ಎರಡು ದಾರಿ ಮಾಡಿದ. ಎರಡೂ ಒಲೆ ಒಟ್ಟಿಗೆ ಉರಿದ ದಿನ ಹೊಳಬಸಪ್ಪ ಇಂದ್ರವ್ವನಿಗೂ ಮುತ್ತವ್ವನಿಗೂ ಆ ಒಲೆಯಲ್ಲೇ ಬಣ್ಣ ಕಂಡ ನೂಲಿನ ಸೀರೆ ಉಡಿಸಿ ಕಳಿಸಿದ.

ಆಮೇಲೆ ಜಮಖಂಡಿಯ ಖಾನಾವಳಿ, ತುಬಚಿಯ ಕಡೆಯ ತೋಟದ ಮನೆಗಳು, ಹೀಗೆ ಕರೆ ಬರುತ್ತಲೇ ಹೋದವು. ಮುಧೋಳದಲ್ಲಿ ದೊಡ್ಡ ಮಂಗಲ ಕಾರ್ಯಾಲಯವೊಂದರ ಅಡುಗೆಮನೆ ಕಟ್ಟುವ ಕೆಲಸ ಗೂಳಪ್ಪನಿಗೆ ಸಿಕ್ಕಿತು. ಅಷ್ಟು ದೊಡ್ಡ ಕೆಲಸ ಅವನಿಗೆ ಅದೇ ಮೊದಲನೆಯದು. ಪಾಯದ ಪೂಜೆಯ ದಿನವೇ ಅವನು ಮುತ್ತವ್ವನನ್ನು ಕರೆಸಿದ. ನೆಲದ ಮೇಲೆ ಇನ್ನೂ ಸುಣ್ಣದ ಗೆರೆಗಳಷ್ಟೇ ಇದ್ದವು.

"ಇನ್ನೂ ಗ್ವಾಡಿನ ಇಲ್ಲಲ್ರಿ," ಅಂದರು ಕಾರ್ಯಾಲಯದ ಮಾಲಕರು. "ಈಗ್ಯಾಕ ಕರದ್ರಿ ಇವರನ್ನ?"

"ಗ್ವಾಡಿ ಎದ್ದ ಮ್ಯಾಲ ಗಾಳಿ ಕೇಳಿ ಒಂದ ಸಲ ಕಲತೀನ್ರಿ," ಅಂದ ಗೂಳಪ್ಪ. "ಈ ಸಲ ಮೊದಲ ಗಾಳಿ ಕೇಳೂಣು, ಆಮ್ಯಾಲ ಇಟ್ಟಂಗಿ ಇಡೂಣು."

ಮುತ್ತವ್ವ ಬಯಲಿನ ನಡುವೆ ಹೋಗಿ ನಿಂತಳು. ತನ್ನ ತವರಿನ ಗಾಳಿ, ತನಗೆ ಗೊತ್ತಿದ್ದ ಗಾಳಿ. ಮೊರದಿಂದ ಒಂದು ಹಿಡಿ ಹೊಟ್ಟು ತೆಗೆದು ಕೈಯೆತ್ತಿ ತೂರಿದಳು. ಕೆಲಸಗಾರರು, ಮಾಲಕರು, ಗೂಳಪ್ಪ ಎಲ್ಲರೂ ಅದು ಹಾರಿದ ಕಡೆಗೆ ಮುಖ ತಿರುಗಿಸಿ ನೋಡಿದರು.

"ಒಲಿ ಇಲ್ಲೆ," ಅಂದಳು ಮುತ್ತವ್ವ ಕಾಲಿನಿಂದ ಗೆರೆ ಎಳೆದು. "ಕೊಳವಿ ಅಲ್ಲೆ. ಬರೀರಿ ಅಣ್ಣಾರ."

ಗೂಳಪ್ಪ ಸುಣ್ಣದ ಪುಟ್ಟಿ ತೆಗೆದುಕೊಂಡು ಅವಳು ತೋರಿಸಿದಲ್ಲಿ ಬಗ್ಗಿದ.